ಮುಂದಿನ ಅಧಿವೇಶನದ ವಿಧೇಯಕಗಳ ಕುರಿತು ಕಾನೂನು ಸಚಿವರಿಗೆ ಮಾನ್ವಿಯಿಂದ ಒಂದು ಬಹಿರಂಗ ಪತ್ರ

ಮಾನ್ಯ ಕಾನೂನು ಮತ್ತು ಸಂಸದೀಯ ವ್ಯವಹಾರಗಳ ಸಚಿವರೇ,

ಅಧಿವೇಶನದ ದಿನಾಂಕ ಗೊತ್ತಾದ ಮೇಲೆ ಸುದ್ದಿಗಾರರನ್ನು ಕರೆದು, ಸದನ ಎಷ್ಟು ದಿನ ನಡೆಯಲಿದೆ, ಎಷ್ಟು ವಿಧೇಯಕಗಳು ಮಂಡನೆಯಾಗಲಿವೆ, ಅವುಗಳಲ್ಲಿ ಹೊಸವು ಯಾವುವು, ತಿದ್ದುಪಡಿಗಳು ಯಾವುವು ಎಂದು ವಿವರಿಸುವುದು ತಮ್ಮ ಸ್ಥಾನದಲ್ಲಿ ಕುಳಿತವರೆಲ್ಲ ನಡೆಸಿಕೊಂಡು ಬಂದಿರುವ ಪದ್ಧತಿ. ಮುಂದಿನ ಅಧಿವೇಶನಕ್ಕೆ ಮೊದಲು ತಾವೂ ಅಂಥದೊಂದು ಸುದ್ದಿಗೋಷ್ಠಿ ನಡೆಸುವಿರಿ. ಆ ಗೋಷ್ಠಿ ನಡೆಯುವ ಮೊದಲೇ ತಮ್ಮ ಗಮನಕ್ಕೆ ಬರಲಿ ಎಂಬ ಉದ್ದೇಶದಿಂದ ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ನಾನು ರಾಯಚೂರು ಜಿಲ್ಲೆಯ ಮಾನ್ವಿಯಲ್ಲಿ ದಸ್ತಾವೇಜು ಬರೆಯುವವನು. ಖರೀದಿ ಪತ್ರ, ವಿಭಾಗ ಪತ್ರ, ಮುಖ್ತಿಯಾರ ಪತ್ರಗಳ ಜೊತೆಗೆ ತಹಶೀಲ್ದಾರರಿಗೆ, ನೀರಾವರಿ ಕಚೇರಿಗೆ, ಪೊಲೀಸ್ ಠಾಣೆಗೆ ಜನ ಕೊಡಬೇಕಾದ ಅರ್ಜಿಗಳನ್ನೂ ಬರೆದುಕೊಡುತ್ತೇನೆ. ಬೆಂಗಳೂರಿನಲ್ಲಿಯೋ ಬೆಳಗಾವಿಯಲ್ಲಿಯೋ ಅಂಗೀಕಾರವಾದ ಕಾಯ್ದೆ ಜನರ ಬದುಕನ್ನು ಮುಟ್ಟುವ ಕೊನೆಯ ಮೆಟ್ಟಿಲು ನಮ್ಮಂಥವರ ಮೇಜು. ಕಾಯ್ದೆ ಏನು ಹೇಳುತ್ತದೆ ಎಂದು ಜನ ಕೇಳುವುದು ಶಾಸಕರನ್ನಲ್ಲ, ವಕೀಲರನ್ನೂ ಎಲ್ಲರೂ ಕೇಳಲಾರರು. ಐವತ್ತು ನೂರು ರೂಪಾಯಿ ಕೊಟ್ಟು ಅರ್ಜಿ ಬರೆಸುವವರು ನಮ್ಮನ್ನೇ ಕೇಳುತ್ತಾರೆ. ಅದರಿಂದಾಗಿ ತಮ್ಮ ಸುದ್ದಿಗೋಷ್ಠಿಯ ವರದಿಯನ್ನು ನಾನು ಕಸುಬಿನ ಅಗತ್ಯವೆಂದು ಓದುತ್ತೇನೆ, ಮತ್ತು ಪ್ರತಿ ಬಾರಿಯೂ ಅದರಲ್ಲಿ ನನಗೆ ಬೇಕಾದದ್ದು ಇರುವುದಿಲ್ಲ.

ನನ್ನ ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ತಾವು ವಿಧೇಯಕಗಳ ಪಟ್ಟಿಯನ್ನು ಸುದ್ದಿಗಾರರ ಮುಂದೆ ಓದುವ ದಿನವೇ, ಪಟ್ಟಿಯಲ್ಲಿರುವ ಪ್ರತಿಯೊಂದು ವಿಧೇಯಕದ ಕನ್ನಡ ಕರಡು ಸಾರ್ವಜನಿಕರಿಗೆ ಸಿಗುವಂತೆ ಮಾಡಬೇಕು, ಮತ್ತು ಆ ದಿನಕ್ಕೂ ಸದನದಲ್ಲಿ ಪರ್ಯಾಲೋಚನೆಗೆ ಎತ್ತಿಕೊಳ್ಳುವ ದಿನಕ್ಕೂ ನಡುವೆ ಕನಿಷ್ಠ 30 ದಿನಗಳ ಅಂತರವಿರಬೇಕು. ಕೇಂದ್ರ ಸರ್ಕಾರ 2014ರಲ್ಲಿಯೇ ತನ್ನ ಸಚಿವಾಲಯಗಳಿಗೆ ಇಂಥದೊಂದು ಶಾಸನಪೂರ್ವ ಸಮಾಲೋಚನಾ ನೀತಿಯನ್ನು ವಿಧಿಸಿತು. ಕರಡನ್ನು ಕನಿಷ್ಠ 30 ದಿನ ಸಾರ್ವಜನಿಕರ ಮುಂದಿಡಬೇಕು ಎಂದು ಅದು ಹೇಳುತ್ತದೆ. ಆ ನೀತಿ ರಾಜ್ಯಗಳನ್ನು ಕಟ್ಟಿಹಾಕುವುದಿಲ್ಲ, ಕೇಂದ್ರವೇ ಅದನ್ನು ನಿಷ್ಠೆಯಿಂದ ಪಾಲಿಸಿದೆ ಎಂದೂ ಯಾರೂ ಹೇಳಲಾರರು. ಆದರೂ ಒಳ್ಳೆಯದನ್ನು ಅನುಸರಿಸಲು ಆದೇಶ ಬೇಕಿಲ್ಲ.

ಇದು ಪಂಡಿತರ ಬೇಡಿಕೆಯಲ್ಲ ಎಂಬುದನ್ನು ತೋರಿಸಲು ನನ್ನ ಮೇಜಿನ ಮೇಲಿಂದಲೇ ಆರಂಭಿಸುತ್ತೇನೆ. 2023ರ ಡಿಸೆಂಬರಿನ ಬೆಳಗಾವಿ ಅಧಿವೇಶನದಲ್ಲಿ ಮುದ್ರಾಂಕ ಕಾಯ್ದೆಗೆ ತಿದ್ದುಪಡಿಯಾಯಿತು. ಅಧಿವೇಶನದ ಸುದ್ದಿಗಳಲ್ಲಿ ಅದಕ್ಕೆ ಸಿಕ್ಕಿದ್ದು ಒಂದೆರಡು ಸಾಲು. 2024ರ ಫೆಬ್ರುವರಿಯಲ್ಲಿ ಅದು ಜಾರಿಗೆ ಬಂದಾಗ, 20 ರೂಪಾಯಿ ಛಾಪಾ ಕಾಗದದ ಮೇಲೆ ಬರೆಯುತ್ತಿದ್ದ ಪ್ರಮಾಣಪತ್ರಕ್ಕೆ (ಅಫಿಡವಿಟ್) 100 ರೂಪಾಯಿ ಬೇಕಾಯಿತು, ದತ್ತು ಪತ್ರದ ಶುಲ್ಕ 500ರಿಂದ 1,000 ರೂಪಾಯಿಗೆ ಏರಿತು. ನಗರದ ದೊಡ್ಡ ವ್ಯವಹಾರದವರಿಗೆ ಎಂಬತ್ತು ರೂಪಾಯಿ ಲೆಕ್ಕಕ್ಕೆ ಬಾರದು. ನಮ್ಮ ಕಡೆ ಪ್ರಮಾಣಪತ್ರ ಬರೆಸುವವರು ಯಾರೆಂದರೆ, ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ಪಡಿತರ ಚೀಟಿಯಲ್ಲಿ ಇನ್ನೊಂದು ಹೆಸರು ಇರುವ ಹುಡುಗರು, ಗಂಡನ ಮರಣದ ನಂತರ ಪಿಂಚಣಿಗೆ ಅಲೆಯುವ ಹೆಂಗಸರು, ತೀರಿಕೊಂಡವರ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ಬಂದ ರೈತರು. ಇವರಿಗೆ ಹೊಸ ದರ ತಿಳಿದದ್ದು ಕಾಗದ ಕೊಳ್ಳುವ ಕಿಂಡಿಯ ಮುಂದೆ. ದರ ಏರಿಸಲು ಸರ್ಕಾರಕ್ಕೆ ಕಾರಣಗಳಿರಬಹುದು. ಅವುಗಳನ್ನು ನಾನು ಇಲ್ಲಿ ಪ್ರಶ್ನಿಸುತ್ತಿಲ್ಲ. ಎರಡು ತಿಂಗಳು ಮುಂಚೆ ಕರಡು ಕೈಗೆ ಸಿಕ್ಕಿದ್ದರೆ, ಪ್ರಮಾಣಪತ್ರವನ್ನು ಈ ಏರಿಕೆಯಿಂದ ಹೊರಗಿಡಿ ಎಂದು ಒಂದು ಮನವಿಯನ್ನಾದರೂ ನಮ್ಮ ಶಾಸಕರ ಕೈಯಲ್ಲಿ ಕಳುಹಿಸುತ್ತಿದ್ದೆವು.

ಕನ್ನಡದಲ್ಲಿ ವಿಧೇಯಕ ಮುದ್ರಣವಾಗುತ್ತದೆ, ಉದ್ದೇಶಗಳ ಮತ್ತು ಕಾರಣಗಳ ಹೇಳಿಕೆ ಅದರೊಂದಿಗೆ ಇರುತ್ತದೆ, ತಿದ್ದುಪಡಿಯಾಗುವ ಪ್ರಕರಣದ ಹಳೆಯ ಪಠ್ಯವನ್ನು ಅನುಬಂಧವಾಗಿ ಕೊಡುವ ರೂಢಿಯೂ ಇದೆ ಎಂದು ತಮ್ಮ ಅಧಿಕಾರಿಗಳು ಹೇಳಬಹುದು. ಅದು ನಿಜ. ಆದರೆ ಅದು ಶಾಸಕರ ಮೇಜಿಗೆ ಬರುವ ಹೊತ್ತು ಯಾವುದು? ಅನೇಕ ಸಲ ಮಂಡನೆಯ ದಿನವೇ ಅಥವಾ ಅದರ ಹಿಂದಿನ ದಿನ. ಇನ್ನು ಓದುವ ಕಷ್ಟ ಬೇರೆ. ಇಂಥ ಪ್ರಕರಣದ ಇಂಥ ಉಪಪ್ರಕರಣದಲ್ಲಿ ಈ ಪದಗಳ ಬದಲಿಗೆ ಆ ಪದಗಳನ್ನು ಪ್ರತಿಯೋಜಿಸತಕ್ಕದ್ದು ಎಂಬ ವಾಕ್ಯಗಳನ್ನು ಮೂವತ್ತು ವರ್ಷ ದಸ್ತಾವೇಜು ಬರೆದವರೂ ಮೂಲ ಕಾಯ್ದೆಯನ್ನು ಪಕ್ಕದಲ್ಲಿ ಬಿಡಿಸಿಟ್ಟುಕೊಳ್ಳದೆ ಅರ್ಥಮಾಡಿಕೊಳ್ಳಲಾರರು. ಹಳೆಯದು ಎಡಕ್ಕೆ, ಹೊಸದು ಬಲಕ್ಕೆ, ಬದಲಾದ ಭಾಗ ದಪ್ಪಕ್ಷರದಲ್ಲಿ ಇರುವ ಒಂದು ಹಾಳೆಯನ್ನು ಪ್ರತಿ ತಿದ್ದುಪಡಿಗೂ ಸಿದ್ಧಪಡಿಸುವುದು ತಮ್ಮ ಶಾಸನ ರಚನಾ ವಿಭಾಗಕ್ಕೆ ದೊಡ್ಡ ಕೆಲಸವಲ್ಲ. ಸುದ್ದಿಗಾರರಿಗೂ ಅದರಿಂದ ಉಪಕಾರವಾಗುತ್ತದೆ; ಸಂಜೆಯ ಗಡುವಿನೊಳಗೆ ಅವರಾದರೂ ಎಷ್ಟು ಕಾಯ್ದೆಗಳನ್ನು ತಿರುವಿಹಾಕಿಯಾರು?

ಈಗ ನಮ್ಮ ಜಿಲ್ಲೆಯ ಮುಖ್ಯ ಸಂಗತಿಗೆ ಬರುತ್ತೇನೆ. ತುಂಗಭದ್ರಾ ಎಡದಂಡೆ ನಾಲೆಯ ಕೊನೆಭಾಗದಲ್ಲಿ ನಾವಿದ್ದೇವೆ. ಜಲಾಶಯದಲ್ಲಿ ಹೂಳು ತುಂಬಿ, ಕಟ್ಟಿದಾಗ 130 ಟಿಎಂಸಿ ಅಡಿಗೂ ಹೆಚ್ಚಿದ್ದ ಸಂಗ್ರಹ ಸಾಮರ್ಥ್ಯ ಈಗ 105.788 ಟಿಎಂಸಿ ಅಡಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದ ಮೇಲೆ 33 ಗೇಟುಗಳ ಸ್ಥಿತಿ ಏನೆಂಬುದು ಎಲ್ಲರಿಗೂ ತಿಳಿಯಿತು. ಇರುವ ನೀರಿನಲ್ಲಿ ಮೇಲ್ಭಾಗದವರು ಭತ್ತ ಹಚ್ಚಿ, ನಾಲೆಗೆ ಪಂಪ್‌ಸೆಟ್ ಇಳಿಸಿ ಎತ್ತಿಕೊಂಡರೆ, ನಾಲೆಯ 104ನೇ ಮೈಲಿನ ಹತ್ತಿರ ಗೇಜ್, ಅಂದರೆ ನೀರಿನ ಮಟ್ಟ, ನಿಲ್ಲುವುದಿಲ್ಲ, ಮಾನ್ವಿ, ಸಿರವಾರ, ರಾಯಚೂರು ತಾಲ್ಲೂಕುಗಳ ಹೊಲಗಳಿಗೆ ನೀರು ಬರುವುದಿಲ್ಲ. ಪ್ರತಿ ಹಂಗಾಮಿನಲ್ಲಿ ರಸ್ತೆ ತಡೆ, ಪ್ರತಿ ಹಂಗಾಮಿನಲ್ಲಿ ಭರವಸೆ.

ಇಂಥ ಅಕ್ರಮವನ್ನು ತಡೆಯಲೆಂದೇ 1965ರ ಕರ್ನಾಟಕ ನೀರಾವರಿ ಕಾಯ್ದೆಗೆ ತಿದ್ದುಪಡಿ ತಂದು, ಶಿಕ್ಷೆಯನ್ನು ಹೆಚ್ಚಿಸುವ ವಿಧೇಯಕವನ್ನು 2024ರ ಜುಲೈ ಅಧಿವೇಶನದಲ್ಲಿ ಅಂಗೀಕರಿಸಲಾಯಿತು. ಕೊನೆಭಾಗದ ರೈತರ ಪರವಾಗಿ ಈ ಕಾಯ್ದೆ ಎಂದು ಸರ್ಕಾರ ಹೇಳಿತು. ಕೊನೆಭಾಗದವನಾದ ನಾನು ಅದನ್ನು ಸ್ವಾಗತಿಸಿದೆ, ಈಗಲೂ ಸ್ವಾಗತಿಸುತ್ತೇನೆ. ಆದರೆ ಕೊನೆಭಾಗದವರನ್ನು ಯಾರೂ ಏನನ್ನೂ ಕೇಳಲಿಲ್ಲ. ಕೇಳಿದ್ದರೆ ನಾವು ಹೇಳುತ್ತಿದ್ದುದು ಇಷ್ಟೇ: ಶಿಕ್ಷೆ ಎಷ್ಟು ವರ್ಷ ಎಂಬುದಕ್ಕಿಂತ, ದೂರು ಯಾರಿಗೆ ಕೊಡಬೇಕು, ಸ್ವೀಕರಿಸಿದವರು ಎಷ್ಟು ಗಂಟೆಯೊಳಗೆ ಸ್ಥಳಕ್ಕೆ ಹೋಗಬೇಕು, ಹೋಗದಿದ್ದರೆ ಅವರನ್ನು ಕೇಳುವವರು ಯಾರು, ದೂರುದಾರನ ಹೆಸರು ಗುಟ್ಟಾಗಿ ಉಳಿಯುವುದೋ ಇಲ್ಲವೋ ಎಂಬುದು ನಮಗೆ ಮುಖ್ಯ. ಭತ್ತಕ್ಕೆ ನೀರು ತಪ್ಪಿ ಹತ್ತು ದಿನವಾದ ಮೇಲೆ ಬರುವ ನ್ಯಾಯ ಯಾವ ಕೆಲಸಕ್ಕೂ ಬಾರದು. ಇನ್ನೂ ಒಂದು ಮಾತು ಇದೆ, ಅದನ್ನು ನಮ್ಮ ಕಡೆಯವರು ಬಾಯಿಬಿಟ್ಟು ಹೇಳುವುದು ಕಡಿಮೆ. ಮೇಲ್ಭಾಗದಲ್ಲಿ ನೀರೆತ್ತುವವರೆಲ್ಲ ದೊಡ್ಡ ಜಮೀನುದಾರರಲ್ಲ. ಎರಡು ಮೂರು ಎಕರೆಯ, ಅಚ್ಚುಕಟ್ಟಿನಿಂದ ಹೊರಗುಳಿದ ಬಡ ರೈತರೂ ಅವರಲ್ಲಿದ್ದಾರೆ. ನೂರಾರು ಎಕರೆಗೆ ಪೈಪ್ ಹಾಕಿಕೊಂಡವನಿಗೂ ಇವರಿಗೂ ಒಂದೇ ಅಳತೆಯೇ ಎಂಬ ಚರ್ಚೆ ಸದನದಲ್ಲಿ ನಡೆಯುವ ಮೊದಲು ನಾಲೆಯ ದಂಡೆಯ ಮೇಲೆ ನಡೆಯಬೇಕಿತ್ತು. ಕಾಯ್ದೆಯ ಬಗ್ಗೆ ಪತ್ರಿಕೆಯಲ್ಲಿ ಓದಿ ದೂರು ಬರೆಸಲು ಬಂದವರಿಗೆ ನಾನು ಇಂದಿಗೂ ಹಳೆಯ ರೀತಿಯಲ್ಲಿಯೇ, ಸಂಬಂಧಪಟ್ಟವರೆಲ್ಲರಿಗೂ ಪ್ರತಿ ಎಂದು ಬರೆದುಕೊಡುತ್ತಿದ್ದೇನೆ.

ಅದೇ 2024ರ ಜುಲೈ ಅಧಿವೇಶನದಲ್ಲಿ ಗ್ರೇಟರ್ ಬೆಂಗಳೂರು ಆಡಳಿತ ವಿಧೇಯಕವೂ ಮಂಡನೆಯಾಯಿತು. ಅದನ್ನು ಎರಡೂ ಸದನಗಳ ಸದಸ್ಯರಿದ್ದ ಜಂಟಿ ಸಮಿತಿಗೆ ಒಪ್ಪಿಸಲಾಯಿತು, ಸಮಿತಿ ಸಾರ್ವಜನಿಕ ಸಭೆಗಳನ್ನು ನಡೆಸಿ ನಾಗರಿಕರ ಅಭಿಪ್ರಾಯ ಕೇಳಿತು, ವರದಿ ಬಂದ ಮೇಲೆ 2025ರ ಮಾರ್ಚ್‌ನಲ್ಲಿ ವಿಧೇಯಕ ಅಂಗೀಕಾರವಾಯಿತು. ಬೆಂಗಳೂರಿನವರಿಗೆ ಆ ಅವಕಾಶ ಸಿಕ್ಕಿದ್ದು ಸರಿಯೇ. ಒಂದೇ ಅಧಿವೇಶನದಲ್ಲಿ ಬಂದ ಎರಡು ವಿಧೇಯಕಗಳಲ್ಲಿ ಒಂದಕ್ಕೆ ಎಂಟು ತಿಂಗಳ ಸಮಾಲೋಚನೆ, ಇನ್ನೊಂದಕ್ಕೆ ಅದೇ ಅಧಿವೇಶನದಲ್ಲಿ ಅಂಗೀಕಾರ ಎಂದರೆ, ಸಮಾಲೋಚನೆ ಮಾಡುವ ವಿಧಾನ ಸರ್ಕಾರಕ್ಕೆ ಗೊತ್ತಿಲ್ಲ ಎಂಬ ಸಬೂಬು ಉಳಿಯುವುದಿಲ್ಲ. ಅಂಥದೇ ಒಂದು ಸಮಿತಿ ಗಂಗಾವತಿಯಲ್ಲೊಂದು, ಸಿಂಧನೂರಿನಲ್ಲೊಂದು, ಸಿರವಾರದಲ್ಲೊಂದು ಸಭೆ ನಡೆಸಿದ್ದರೆ ನೀರಾವರಿ ಕಾಯ್ದೆಗೆ ಆಗುತ್ತಿದ್ದ ವಿಳಂಬ ಒಂದು ಹಂಗಾಮಿಗಿಂತ ಹೆಚ್ಚಾಗುತ್ತಿರಲಿಲ್ಲ.

ತುರ್ತು ಸಂದರ್ಭಗಳಿರುತ್ತವೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. 2025ರ ಆರಂಭದಲ್ಲಿ ಮೈಕ್ರೋಫೈನಾನ್ಸ್ ವಸೂಲಿಯ ಕಿರುಕುಳ ಮಿತಿಮೀರಿ ಜನ ಊರು ಬಿಡುವ, ಜೀವ ಕಳೆದುಕೊಳ್ಳುವ ಸ್ಥಿತಿ ಬಂದಾಗ ಸುಗ್ರೀವಾಜ್ಞೆಯ ದಾರಿ ಹಿಡಿದದ್ದನ್ನು ಆಕ್ಷೇಪಿಸಲಾರೆ. ರಾಜ್ಯಪಾಲರು ಅದನ್ನು ಮೊದಲು ಹಿಂದಿರುಗಿಸಿದರು, ಸ್ಪಷ್ಟನೆಗಳೊಂದಿಗೆ ಮತ್ತೆ ಕಳುಹಿಸಿದ ಮೇಲೆ ಫೆಬ್ರುವರಿ 12ರಂದು ಅಂಕಿತ ಹಾಕಿದರು, ಮಾರ್ಚ್‌ನಲ್ಲಿ ಸದನ ಅದನ್ನು ಕಾಯ್ದೆಯಾಗಿಸಿತು. ಆದರೆ ಆ ದಿನಗಳಲ್ಲಿ ಸುದ್ದಿಗಾರರ ಮುಂದೆ ಆಡಿದ ಮಾತು ನಮ್ಮ ಹಳ್ಳಿಗಳನ್ನು ಮುಟ್ಟಿದ ಬಗೆ ಬೇರೆಯೇ ಆಗಿತ್ತು. "ಯಣ್ಣಾ, ಸಂಘದ ಸಾಲ ಕಟ್ಟಾದು ಬ್ಯಾಡಂತ ಸರ್ಕಾರದೋರು ಕಾಯ್ದೆ ತಂದಾರಂತಲ್ಲ, ಖರೇ ಏನು?" ಎಂದು ಕೇಳಿಕೊಂಡು ಬಂದ ಹೆಂಗಸರಿಗೆ ಲೆಕ್ಕವಿಲ್ಲ. ನೋಂದಣಿಯಾಗದ, ಪರವಾನಗಿಯಿಲ್ಲದ ಲೇವಾದೇವಿದಾರರಿಗೆ ಕೊಡಬೇಕಾದ ಸಾಲ ಮಾತ್ರ ತೀರಿದಂತೆ, ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಸಂಸ್ಥೆಯ ಸಾಲ ಹಾಗೆಯೇ ಇರುತ್ತದೆ, ಬಲವಂತದ ವಸೂಲಿ ಮಾತ್ರ ಅಪರಾಧ ಎಂಬ ವ್ಯತ್ಯಾಸವನ್ನು ಒಬ್ಬೊಬ್ಬರಿಗೂ ಬಿಡಿಸಿ ಹೇಳಬೇಕಾಯಿತು. ಅಷ್ಟರಲ್ಲಿ ಕೆಲವರು ಕಂತು ನಿಲ್ಲಿಸಿ ಬಡ್ಡಿ ಬೆಳೆಸಿಕೊಂಡಿದ್ದರು. ತುರ್ತಿದ್ದಾಗ 30 ದಿನ ಕಾಯಲಾಗದು, ಒಪ್ಪುತ್ತೇನೆ. ಸರಳ ಕನ್ನಡದ ಒಂದು ಪುಟವನ್ನು ಅದೇ ದಿನ ಹೊರಡಿಸಲು ಏನು ಅಡ್ಡಿ?

ಇದಕ್ಕೆ ಎದುರಾದ ಉದಾಹರಣೆಯೂ ಇದೆ, ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಯ ವಿಧೇಯಕದ ಕರಡನ್ನು 2024ರ ಜೂನ್ ಕೊನೆಯಲ್ಲಿ ಕಾರ್ಮಿಕ ಇಲಾಖೆ ಪ್ರಕಟಿಸಿ ಆಕ್ಷೇಪಣೆಗಳನ್ನು ಕರೆಯಿತು. ಕೊಟ್ಟದ್ದು ಸುಮಾರು ಹತ್ತು ದಿನ ಮಾತ್ರ. ಆದರೂ ಕಂಪನಿಗಳೂ ಕಾರ್ಮಿಕ ಸಂಘಗಳೂ ತಮ್ಮ ಮಾತು ಹೇಳಿದವು, ಆಮೇಲೆ 2025ರಲ್ಲಿ ಅದು ಕಾಯ್ದೆಯಾಯಿತು. ರಾಯಚೂರು, ಯಾದಗಿರಿ ಕಡೆಯಿಂದ ಗುಳೆ ಹೋಗಿ ಬೆಂಗಳೂರಿನ ಬೀದಿಗಳಲ್ಲಿ ಬೈಕ್ ಮೇಲೆ ಊಟ ತಲುಪಿಸುವ ಹುಡುಗರಿಗೆ ಈ ಕಾಯ್ದೆ ನೇರವಾಗಿ ಸಂಬಂಧಿಸಿದ್ದು.

ಹಾಗೆಯೇ ಕರಡು ಇಲ್ಲದೆ ಮಾತು ಮೊದಲಾದರೆ ಏನಾಗುತ್ತದೆ ಎಂಬುದನ್ನೂ 2024ರಲ್ಲಿಯೇ ಕಂಡೆವು. ಖಾಸಗಿ ಉದ್ಯಮಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ಕೊಡುವ ವಿಧೇಯಕಕ್ಕೆ ಜುಲೈ 15ರಂದು ಸಂಪುಟ ಒಪ್ಪಿಗೆ ಕೊಟ್ಟಿತು. ಆಡಳಿತ ವರ್ಗದ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಎಂಬುದು ಒಂದು ಕಡೆ, ಕೆಳಹಂತದ ಹುದ್ದೆಗಳಲ್ಲಿ ಶೇ 100 ಎಂಬ ಹೇಳಿಕೆ ಇನ್ನೊಂದು ಕಡೆ ಹರಿದಾಡಿ, ಉದ್ಯಮಿಗಳು ಗದ್ದಲವೆಬ್ಬಿಸಿ, ಜುಲೈ 17ರಂದು ಅದನ್ನು ತಡೆಹಿಡಿಯಲಾಯಿತು. ಬಳ್ಳಾರಿಯ ತೋರಣಗಲ್ಲಿನ ಸುತ್ತ ಉಕ್ಕಿನ ಕಾರ್ಖಾನೆಗಳಿಗೆ ಜಮೀನು ಕೊಟ್ಟು ಕೆಲಸಕ್ಕಾಗಿ ಕಾಯುತ್ತಿರುವ ಮನೆಗಳಲ್ಲಿ ಎರಡು ದಿನ ಹಬ್ಬ, ಮೂರನೆಯ ದಿನ ಮೌನ. ವಿಧೇಯಕ ಸರಿಯೋ ತಪ್ಪೋ ಎಂಬುದು ಬೇರೆ ವಾದ. ಕರಡು ಮೊದಲೇ ಹೊರಬಂದಿದ್ದರೆ ಆ ವಾದ ಹೇಳಿಕೆಗಳ ಮೇಲಲ್ಲ, ಪ್ರಕರಣಗಳ ಮೇಲೆ ನಡೆಯುತ್ತಿತ್ತು, ಪ್ರಾಯಶಃ ವಿಧೇಯಕವೂ ಬದುಕುಳಿಯುತ್ತಿತ್ತು.

ಬಳ್ಳಾರಿಯ ಮಾತು ಬಂದದ್ದರಿಂದ ಇನ್ನೊಂದನ್ನು ಸೇರಿಸುತ್ತೇನೆ. ಖನಿಜ ಹಕ್ಕುಗಳ ಮೇಲೆ ತೆರಿಗೆ ವಿಧಿಸುವ ಅಧಿಕಾರ ರಾಜ್ಯಗಳಿಗಿದೆ ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2024ರ ಜುಲೈ 25ರಂದು ಬಹುಮತದಿಂದ ತೀರ್ಪು ಕೊಟ್ಟಿತು. ಡಿಸೆಂಬರಿನಲ್ಲಿ ರಾಜ್ಯ ಅದಕ್ಕಾಗಿ ವಿಧೇಯಕವನ್ನು ಅಂಗೀಕರಿಸಿತು. ಅಂಕಿತಕ್ಕೆ ಹೋದ ಮೇಲೆ ರಾಜಭವನದಿಂದ ಪ್ರಶ್ನೆಗಳು ಎದ್ದವು. ಆ ತೆರಿಗೆಯ ಪಾಲು ಸಂಡೂರಿನ ಧೂಳು ಕುಡಿದ ಊರುಗಳಿಗೆ ಬರುವುದೋ, ರಾಜ್ಯದ ಬೊಕ್ಕಸದಲ್ಲಿ ಬೆರೆತು ಹೋಗುವುದೋ ಎಂದು ತಿಳಿಯುವ ಆಸೆ ಅಲ್ಲಿನವರಿಗೆ ಸಹಜವಾಗಿಯೇ ಇದೆ. ಅಂಕಿತವಾಗದೆ ಉಳಿದ ವಿಧೇಯಕಗಳ ಸ್ಥಿತಿಯನ್ನು ಪ್ರತಿ ಸುದ್ದಿಗೋಷ್ಠಿಯಲ್ಲಿ ಹೊಸ ಪಟ್ಟಿಗಿಂತ ಮೊದಲು ಹೇಳುವುದು ಒಳ್ಳೆಯದು.

ಸಮಯವಿಲ್ಲ ಎಂಬ ಉತ್ತರ ಬರಬಹುದೆಂದು ಬಲ್ಲೆ. ಸದನವು ವರ್ಷಕ್ಕೆ ಕನಿಷ್ಠ 60 ದಿನ ಸೇರಬೇಕೆಂದು 2005ರಲ್ಲಿ ಕಾಯ್ದೆ ಮಾಡಿದ್ದು ಇದೇ ಸದನ. ಹೆಚ್ಚಿನ ವರ್ಷಗಳಲ್ಲಿ ಅದನ್ನು ಪಾಲಿಸದೆ ಉಳಿದದ್ದೂ ಇದೇ ಸದನ, ಯಾವ ಪಕ್ಷ ಅಧಿಕಾರದಲ್ಲಿದ್ದರೂ ಅಷ್ಟೇ. ಕೊನೆಯ ದಿನ ಗದ್ದಲದ ನಡುವೆ ವಿಧೇಯಕಗಳು ಒಂದರ ಹಿಂದೊಂದು ಅಂಗೀಕಾರವಾಗುವುದನ್ನು ನೋಡುತ್ತಲೇ ಬಂದಿದ್ದೇವೆ. 2025ರ ಮಾರ್ಚ್ 21ರಂದು 18 ಶಾಸಕರ ಅಮಾನತಾದ ದಿನವೇ, ಅದೇ ಗದ್ದಲದಲ್ಲಿ, ಶಾಸಕರ ವೇತನ ಹೆಚ್ಚಳದ ವಿಧೇಯಕವೂ ಪಾರಾಯಿತು. ಅದಕ್ಕೆ ಮಾತ್ರ ಯಾರ ವಿರೋಧವೂ ಅಷ್ಟಾಗಿ ಕೇಳಿಬರಲಿಲ್ಲ ಎಂಬುದನ್ನು ನಮ್ಮ ಕಟ್ಟೆಯ ಮೇಲಿನ ಜನ ಇನ್ನೂ ಮರೆತಿಲ್ಲ.

ಸದನಕ್ಕೆ ಬಾರದೆಯೇ ಜನರನ್ನು ಮುಟ್ಟುವ ಬದಲಾವಣೆಗಳೂ ಇವೆ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿತು. ಅದಕ್ಕೆ ವಿಧೇಯಕ ಬೇಕಾಗಲಿಲ್ಲ, ಸರ್ಕಾರದ ಆದೇಶ ಸಾಕಾಯಿತು. ಕಾಯ್ದೆಯ ಕೆಳಗೆ ಹೊರಡಿಸುವ ನಿಯಮಗಳನ್ನು ಪರಿಶೀಲಿಸಲು ಸದನದಲ್ಲಿ ಅಧೀನ ಶಾಸನ ಸಮಿತಿ ಇದೆ. ಅದು ಏನನ್ನು ಪರಿಶೀಲಿಸಿತು, ಯಾವ ಕಾಯ್ದೆಗೆ ಇನ್ನೂ ನಿಯಮಗಳೇ ಆಗಿಲ್ಲ ಎಂಬುದು ಕಾರ್ಯಸೂಚಿಯ ಭಾಗವಾಗಲಿ.

ಕೊನೆಯದಾಗಿ, ಕಲ್ಯಾಣ ಕರ್ನಾಟಕಕ್ಕೇ ಸೇರಿದ ಒಂದು ವಿಷಯ. ಸಂವಿಧಾನದ 371(ಜೆ) ವಿಧಿಯನ್ನು ಕುರಿತು ಹುದ್ದೆ ಮತ್ತು ಸೀಟುಗಳ ಮೀಸಲಾತಿಯ ಮಾತೇ ಹೆಚ್ಚಾಗಿ ನಡೆಯುತ್ತದೆ. ಅದೇ ವಿಧಿ ಇನ್ನೊಂದನ್ನೂ ಹೇಳುತ್ತದೆ: ಈ ಪ್ರದೇಶದ ಅಭಿವೃದ್ಧಿ ಮಂಡಳಿಯ ಕಾರ್ಯನಿರ್ವಹಣೆಯ ವರದಿಯನ್ನು ಪ್ರತಿ ವರ್ಷ ವಿಧಾನಸಭೆಯ ಮುಂದೆ ಇಡಬೇಕು. 2012ರ 98ನೇ ತಿದ್ದುಪಡಿಯಲ್ಲಿ ಬಂದ ಈ ಮಾತು ಯಾವ ಸರ್ಕಾರದ ಔದಾರ್ಯವೂ ಅಲ್ಲ, ಸಂವಿಧಾನದ ವಿಧಿ. ವರದಿಯನ್ನು ಕಾಗದಪತ್ರಗಳ ಕಟ್ಟಿನೊಳಗೆ ಮಂಡಿಸಿ ಮುಂದಿನ ವಿಷಯಕ್ಕೆ ಹೋಗುವುದರಿಂದ ಅದರ ಉದ್ದೇಶ ಈಡೇರುವುದಿಲ್ಲ. ತಾವು ಸುದ್ದಿಗಾರರಿಗೆ ಕಾರ್ಯಸೂಚಿ ಹೇಳುವಾಗ, ಈ ವರದಿಯ ಮೇಲೆ ಇಂಥ ದಿನ, ಇಷ್ಟು ಗಂಟೆ ಚರ್ಚೆ ಎಂದು ಸೇರಿಸಬೇಕು. ಅಧಿವೇಶನದ ಕೊನೆಯ ಮಧ್ಯಾಹ್ನ, ಅರ್ಧ ಸದಸ್ಯರು ಊರಿನ ಬಸ್ಸು ರೈಲು ಹಿಡಿದ ಮೇಲೆ ಇಡುವ ಚರ್ಚೆ ಬೇಡ. ದಿನ ಗೊತ್ತುಮಾಡುವುದು ಸದನ ಕಾರ್ಯಕಲಾಪ ಸಲಹಾ ಸಮಿತಿ ಮತ್ತು ಸಭಾಧ್ಯಕ್ಷರ ಅಧಿಕಾರದಲ್ಲಿದೆ. ಆದ್ದರಿಂದ ಈ ಪತ್ರದ ಪ್ರತಿಯನ್ನು ಮಾನ್ಯ ಸಭಾಧ್ಯಕ್ಷರಿಗೂ ಕಳುಹಿಸಿದ್ದೇನೆ.

ಕರಡುಗಳನ್ನು ಜಾಲತಾಣದಲ್ಲಿ ಹಾಕಿದರೆ ಸಾಲದು. ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಿಗೆ (ಗ್ರಂಥಾಲಯಗಳಿಗೆ), ತಾಲ್ಲೂಕು ಕಚೇರಿಯ ಫಲಕಕ್ಕೆ, ವಕೀಲರ ಸಂಘಗಳಿಗೆ ಒಂದೊಂದು ಮುದ್ರಿತ ಪ್ರತಿ ಬರಲಿ, ಆಕ್ಷೇಪಣೆಯನ್ನು ಕೈಬರಹದಲ್ಲಿ ಬರೆದು ಅಂಚೆಯಲ್ಲಿ ಕಳುಹಿಸಿದರೂ ಸ್ವೀಕರಿಸುವ ವಿಳಾಸ ಅದರ ಮೇಲಿರಲಿ. ನೀರಾವರಿ ತಿದ್ದುಪಡಿ ಕಾಯ್ದೆಯ ಜಾರಿಯ ಬಗ್ಗೆ ಮಾನ್ವಿ ಮತ್ತು ಸಿರವಾರ ತಾಲ್ಲೂಕುಗಳ ಕೆಲವು ರೈತರು ಹೇಳಿ ಬರೆಸಿದ ಸಲಹೆಗಳನ್ನು ಪ್ರತ್ಯೇಕ ಲಕೋಟೆಯಲ್ಲಿ ತಮ್ಮ ಕಚೇರಿಗೆ ಕಳುಹಿಸುತ್ತಿದ್ದೇನೆ. ಮುಂದಿನ ಹಂಗಾಮಿಗೆ ನಾಲೆಗೆ ನೀರು ಬಿಡುವ ಮೊದಲು ಅವುಗಳಿಗೆ ಉತ್ತರ ಬಂದರೆ ಉಪಕಾರವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಮಾನ್ವಿಯ ಒಬ್ಬ ದಸ್ತಾವೇಜು ಬರಹಗಾರ